ಸಾಹಸಕ್ಕೂ ಕವಚ ಬೇಕು

2020ನೆಯ ಇಸವಿಯ ನವೆಂಬರ್ 29ರ ರಾತ್ರಿ ಮೊಮ್ಮಗನ ಬಲವಂತಕ್ಕೆ ದೂರದರ್ಶನದ ಮುಂದೆ ಕುಳಿತಿದ್ದೆ. ಬಹರೇನ್ ದೇಶದಲ್ಲಿ ಫಾರ್ಮುಲಾ ಒನ್ ಮೋಟಾರು ಪಂದ್ಯ ನಡೆಯುತ್ತಿತ್ತು. ಮೊದಲ ಸುತ್ತು ಕೂಡ ಮುಗಿದಿರಲಿಲ್ಲ. ಫ್ರಾನ್ಸಿನ ಚಾಲಕ ರೊಮೇನ್ ಗ್ರೋಜಾನನ ಕಾರು ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ ದಾರಿಯಂಚಿನ ಲೋಹದ ತಡೆಬೇಲಿಗೆ ನುಗ್ಗಿ ಎರಡು ತುಂಡಾಯಿತು. ಮರುಕ್ಷಣವೇ ಅಲ್ಲಿ ಬೆಂಕಿಯ ಹೊರತು ಬೇರೇನೂ ಕಾಣಲಿಲ್ಲ. ಅವನ ಕಥೆ ಮುಗಿಯಿತೆಂದೇ ನಾವು ಭಾವಿಸಿದೆವು. ಆದರೆ ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಆತ ಜ್ವಾಲೆಯೊಳಗಿಂದ ತಾನೇ ಎದ್ದು ಹೊರಬಂದ. ಕೈಗಳು ಸುಟ್ಟಿದ್ದವು, ಪ್ರಾಣ ಉಳಿದಿತ್ತು. “ಎಂಥ ಅದೃಷ್ಟ, ತಾತ!” ಎಂದ ಮೊಮ್ಮಗ.

ಅದೃಷ್ಟವೆಂಬ ಮಾತನ್ನು ನಾನು ಒಪ್ಪಲಾರೆ. ಆತನ ತಲೆಯ ಸುತ್ತ ಬಳೆಯಂತೆ ಬಾಗಿದ ಟೈಟೇನಿಯಮ್ಮಿನ ಕಂಬಿಯೊಂದಿತ್ತು. ಹೇಲೋ ಎಂಬ ಹೆಸರಿನ ಆ ಕಂಬಿ ಸೀಳಿದ ಬೇಲಿಯ ಪಟ್ಟಿಗಳನ್ನು ತಲೆಗೆ ತಗಲಗೊಡಲಿಲ್ಲ. ಹೆಲ್ಮೆಟ್ಟನ್ನು ಹೆಗಲ ಮೇಲಣ ಪಟ್ಟಿಗೆ ಬಿಗಿಯುವ ಹಾನ್ಸ್ ಎಂಬ ಸಾಧನ ಕುತ್ತಿಗೆಯನ್ನು ಕಾಯಿತು. ಬೆಂಕಿ ತಾಳುವ ಉಡುಪು ಮೈಯನ್ನು ಕಾಯಿತು. ಇನ್ನು ಕೆಲವೇ ಕ್ಷಣಗಳಲ್ಲಿ ವೈದ್ಯರು ಅಲ್ಲಿ ಹೇಗೆ ಪ್ರತ್ಯಕ್ಷರಾದರು? ಮೊದಲ ಸುತ್ತಿನಲ್ಲಿ ಸ್ಪರ್ಧಿಗಳ ಬೆನ್ನಿಗೇ ವೈದ್ಯರ ಕಾರೊಂದು ಓಡಬೇಕೆಂಬ ನಿಯಮವಿರುವುದರಿಂದ. 1978ರಲ್ಲಿ ಇಟಲಿಯ ಮೊನ್ಜಾದಲ್ಲಿ ಪಂದ್ಯದ ಆರಂಭದಲ್ಲೇ ಗಾಯಗೊಂಡ ರೋನಿ ಪೀಟರ್ಸನ್ ಮರುದಿನ ತೀರಿಕೊಂಡ. ಆ ಬಳಿಕ ಈ ಪದ್ಧತಿ ಬೇಕೇ ಬೇಕೆಂದು ಹಟ ಹಿಡಿದವರು ಸಿಡ್ ವಾಟ್ಕಿನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರು. ಬಹರೇನಿನಲ್ಲಿ ಒಬ್ಬನನ್ನು ಉಳಿಸಿದ ಒಂದೊಂದು ಏರ್ಪಾಟಿನ ಹಿಂದೆಯೂ ಹೀಗೆ ಬೇರೊಬ್ಬನ ಮರಣವಿದೆ.

ಹಿಂದಿನ ಸ್ಥಿತಿಯನ್ನು ಈಗಿನವರು ಊಹಿಸುವುದೂ ಕಷ್ಟ. 1966ರಲ್ಲಿ ಬೆಲ್ಜಿಯಮ್ ದೇಶದ ಸ್ಪಾ ಎಂಬಲ್ಲಿ ಮಳೆ ಸುರಿಯುತ್ತಿದ್ದಾಗ ಸ್ಕಾಟ್ಲೆಂಡಿನ ಜಾಕಿ ಸ್ಟೀವರ್ಟನ ಕಾರು ದಾರಿ ತಪ್ಪಿ ಉರುಳಿ ನುಜ್ಜುಗುಜ್ಜಾಯಿತು. ಸೋರುತ್ತಿದ್ದ ಪೆಟ್ರೋಲಿನಲ್ಲಿ ಮೈಯೆಲ್ಲ ನೆನೆದು ಸುಮಾರು 25 ನಿಮಿಷ ಆತ ಒಳಗೇ ಸಿಕ್ಕಿಕೊಂಡಿದ್ದ. ಒಂದು ಕಿಡಿ ಸಾಕಿತ್ತು! ಬಿಡಿಸಲು ಓಡಿಬಂದವರು ಪಂದ್ಯದ ಅಧಿಕಾರಿಗಳಲ್ಲ. ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್ ಎಂಬ ಇಬ್ಬರು ಸಹಸ್ಪರ್ಧಿಗಳು. ಅವರು ಪ್ರೇಕ್ಷಕರಲ್ಲೊಬ್ಬನಿಂದ ಸ್ಪಾನರನ್ನು ಬೇಡಿ ತಂದು ಸ್ಟಿಯರಿಂಗನ್ನು ಕಳಚಬೇಕಾಯಿತು. ಪ್ರಥಮ ಚಿಕಿತ್ಸೆಯ ಕೋಣೆಯ ನೆಲದ ತುಂಬ ಸಿಗರೇಟಿನ ತುಂಡುಗಳು. ಸಾಲದುದಕ್ಕೆ, ಆಸ್ಪತ್ರೆಗೆ ಹೊರಟ ಆಂಬ್ಯುಲೆನ್ಸು ದಾರಿ ತಪ್ಪಿತು! ಮುಂದೆ ಸ್ಟೀವರ್ಟ್ ತನ್ನ ಕಾರಿನಲ್ಲಿ ಸ್ಪಾನರೊಂದನ್ನು ಅಂಟಿಸಿಕೊಂಡೇ ಓಡಿಸುತ್ತಿದ್ದನಂತೆ. ಜಗತ್ತಿನ ಅತ್ಯಂತ ವೇಗದ ಯಂತ್ರಗಳನ್ನು ಕಟ್ಟಬಲ್ಲವರ ನಡುವೆ ಒಂದು ಸ್ಪಾನರಿಗೆ ಈ ಗತಿ!

ಆತ ತಡೆಬೇಲಿ ಬೇಕೆಂದ, ಸೀಟುಪಟ್ಟಿ ಬೇಕೆಂದ, ಪಂದ್ಯದ ಸ್ಥಳದಲ್ಲಿ ತಕ್ಕ ವೈದ್ಯರು ಬೇಕೆಂದ. ಅಪಾಯದ ಹಾದಿಗಳಲ್ಲಿ ಓಡಿಸಲು ಚಾಲಕರು ಒಪ್ಪದಂತೆ ಮಾಡಿದ. 1969ರಲ್ಲಿ ಸ್ಪಾದ ಪಂದ್ಯವೇ ನಿಂತುಹೋಯಿತು. ಫಲವಾಗಿ ದೊರೆತದ್ದು ಹೇಡಿಯೆಂಬ ಬಿರುದು. ಮೂರು ಬಾರಿ ವಿಶ್ವವಿಜೇತನಾದವನಿಗೆ ಈ ಮಾತು! ಅಪಾಯವೇ ಈ ಕ್ರೀಡೆಯ ಜೀವಾಳ, ಅದನ್ನು ತೆಗೆದರೆ ಉಳಿಯುವುದೇನು ಎಂಬುದು ವಿರೋಧಿಗಳ ವಾದ. ಈ ವಾದದಲ್ಲಿ ತಿರುಳಿಲ್ಲ. ನಮ್ಮ ಮಲೆನಾಡಿನ ಕೊನೆಗಾರ ಪಾದಗಳಿಗೆ ತಳೆ ಸಿಕ್ಕಿಸಿಕೊಂಡು ಅಡಕೆಯ ಮರ ಏರುತ್ತಾನೆ. ಗಾಳಿಗೆ ತೂಗುವ ಮರದ ತುದಿಯಲ್ಲಿ ಕುಳಿತು ಪಕ್ಕದ ಮರಕ್ಕೆ ದಾಟುತ್ತಾನೆ. ತಳೆಯಿಂದಾಗಿ ಅವನ ಧೈರ್ಯ ಕುಂದಿತೆಂದು ತೋಟದಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹಾಗೆ ಹೇಳಬಲ್ಲವನು ಕೆಳಗೆ ನಿಂತು ನೋಡುವವನು ಮಾತ್ರ.

1973ರ ಜುಲೈಯಲ್ಲಿ ಹಾಲೆಂಡಿನ ಜಾಂಡ್‌ವೋರ್ಟ್ ಎಂಬಲ್ಲಿ ನಡೆದುದನ್ನು ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ. ರೋಜರ್ ವಿಲಿಯಮ್‌ಸನ್ ಎಂಬ ತರುಣನ ಕಾರು ಮಗುಚಿ ಬೆಂಕಿ ಹತ್ತಿತು. ಡೇವಿಡ್ ಪರ್ಲಿ ಎಂಬ ಸ್ಪರ್ಧಿ ತನ್ನ ಕಾರನ್ನು ನಿಲ್ಲಿಸಿ, ಓಡಿಬಂದು, ಒಬ್ಬನೇ ಅದನ್ನು ಎತ್ತಿ ಮಗುಚಲು ಹೆಣಗಿದ. ಬೆಂಕಿ ತಾಳುವ ಉಡುಪಿಲ್ಲದ ಮಾರ್ಷಲರು ಹತ್ತಿರ ಬರಲಾರದೆ ನಿಂತರು. ಉಳಿದ ಕಾರುಗಳು ಪಕ್ಕದಲ್ಲೇ ಸುತ್ತುತ್ತಿದ್ದವು, ಪಂದ್ಯ ನಿಲ್ಲಲಿಲ್ಲ. ವಿಲಿಯಮ್‌ಸನ್ ಅಲ್ಲಿಯೇ ಅಸುನೀಗಿದ. ಆ ದಿನ ಗೆದ್ದವನು, ವಿಧಿಯ ಅಣಕವೋ ಎಂಬಂತೆ, ಸ್ಟೀವರ್ಟನೇ. ಪರ್ಲಿಗೆ ಶೌರ್ಯಪದಕವೇನೋ ದೊರೆಯಿತು. ಆದರೆ ಒಬ್ಬನ ಶೌರ್ಯ ಅಷ್ಟು ಎದ್ದು ಕಾಣಬೇಕಾಗಿ ಬಂದದ್ದು ವ್ಯವಸ್ಥೆಯ ಅಪಯಶಸ್ಸಿನಿಂದಲ್ಲವೆ?

ಉಪಾಯ ತಿಳಿಯದೆ ಸತ್ತವರ ವಿಷಯ ಒಂದು ಬಗೆ. ತಿಳಿದಿದ್ದ ಉಪಾಯವನ್ನು ಬಳಸದೆ ಕಳೆದುಕೊಂಡವರ ವಿಷಯ ಇನ್ನೊಂದು ಬಗೆ. ಹಾನ್ಸ್ ಸಾಧನವನ್ನು ರಾಬರ್ಟ್ ಹಬರ್ಡ್ ಎಂಬ ಅಮೆರಿಕದ ಪ್ರಾಧ್ಯಾಪಕ ರೂಪಿಸತೊಡಗಿದ್ದು 1980ರ ದಶಕದಲ್ಲಿ. ಹಿಂಸೆಯಾಗುತ್ತದೆಂದು ಚಾಲಕರೇ ಅದನ್ನು ದೂರವಿಟ್ಟರು. 2001ರಲ್ಲಿ ಅಮೆರಿಕದ ಜನಪ್ರಿಯ ಚಾಲಕ ಡೇಲ್ ಅರ್ನ್‌ಹಾರ್ಟ್ ಡೇಟೋನಾದಲ್ಲಿ ಕೊನೆಯ ಸುತ್ತಿನಲ್ಲಿ ಗೋಡೆಗೆ ಬಡಿದು, ತಲೆಬುರುಡೆಯ ಬುಡ ಬಿರಿದು ಸತ್ತಾಗ ಆತನ ಕುತ್ತಿಗೆಗೆ ಅಂಥ ರಕ್ಷಣೆಯಿರಲಿಲ್ಲ. ಅಲ್ಲಿ ಅದು ಕಡ್ಡಾಯವಾದದ್ದು ಅದೇ ವರ್ಷ, ಆ ಸಾವಿನ ತರುವಾಯ. ಫಾರ್ಮುಲಾ ಒನ್‌ನಲ್ಲಿ 2003ರಲ್ಲಿ. ಹೇಲೋವಿನ ಕಥೆಯೂ ಬೇರೆಯಲ್ಲ. ಕಳಚಿ ಹಾರಿದ ಚಕ್ರ ತಲೆಗೆ ಬಡಿದು 18 ವರ್ಷದ ಹೆನ್ರಿ ಸರ್ಟೀಸ್ 2009ರಲ್ಲಿ ಮಡಿದಿದ್ದ. ಆದರೂ 2018ರಲ್ಲಿ ಆ ಕಂಬಿ ಬಂದಾಗ, ಕಾರಿನ ಅಂದ ಕೆಟ್ಟಿತೆಂದು ಗೊಣಗಿದವರೇ ಹೆಚ್ಚು. ಒಲ್ಲೆನೆಂದವರಲ್ಲಿ ಗ್ರೋಜಾನನೂ ಒಬ್ಬ! ಅದಿಲ್ಲದಿದ್ದರೆ ತಾನಿಂದು ಮಾತಾಡುತ್ತಿರಲಿಲ್ಲವೆಂದು ಆತ ಆಸ್ಪತ್ರೆಯಿಂದಲೇ ಒಪ್ಪಿಕೊಂಡ. ತಪ್ಪನ್ನು ಹೀಗೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

1994ರಲ್ಲಿ ಇಟಲಿಯ ಇಮೋಲಾದಲ್ಲಿ ಶನಿವಾರ ರೋಲಾಂಡ್ ರಾಟ್ಸೆನ್‌ಬರ್ಗರ್, ಮರುದಿನ ಮಹಾಚಾಲಕ ಐರ್ಟನ್ ಸೆನ್ನಾ ಸತ್ತಾಗ ಇಡೀ ಕ್ರೀಡೆ ಬೆಚ್ಚಿತು. ಹಾದಿಗಳು ಬದಲಾದವು, ಕಾರುಗಳ ಪರೀಕ್ಷೆ ಬಿಗಿಯಾಯಿತು. ಮುಂದೆ 20 ವರ್ಷ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಚಾಲಕರಾರೂ ಸಾವಿಗೀಡಾಗಲಿಲ್ಲ. ಸಾವು ಕಲಿಸಿದ ಪಾಠವನ್ನು ಇವರು ಕಲಿಯುತ್ತಾರೆ, ಸಂದೇಹವಿಲ್ಲ. ಸಾವು ಕೂದಲೆಳೆಯಲ್ಲಿ ತಪ್ಪಿದಾಗ ಮಾತ್ರ ಪಾಠವೂ ತಪ್ಪಿಹೋಗುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿ.

ಅದೇ 1994ರಲ್ಲಿ ಜಪಾನಿನ ಸುಜುಕಾದಲ್ಲಿ ಮಳೆಯ ನಡುವೆ ಮಾರ್ಟಿನ್ ಬ್ರಂಡಲನ ಕಾರು ಹಾದಿ ಬಿಟ್ಟು ಜಾರಿತು. ಕೆಟ್ಟ ಕಾರನ್ನೆತ್ತಲು ಬಂದಿದ್ದ ಯಂತ್ರಕ್ಕೆ ಅದು ಬಡಿಯದೆ ಸ್ವಲ್ಪದರಲ್ಲಿ ತಪ್ಪಿತು. ಒಬ್ಬ ಮಾರ್ಷಲನ ಕಾಲು ಮುರಿಯಿತು. 2014ರಲ್ಲಿ, ಅದೇ ಸುಜುಕಾ, ಅಂಥದೇ ಮಳೆ, ಅಂಥದೇ ಯಂತ್ರ. ಈ ಬಾರಿ ಜೂಲ್ ಬಿಯಾಂಕಿಯ ಕಾರು ನೇರವಾಗಿ ಅದರಡಿಗೆ ನುಗ್ಗಿತು. ಒಂಬತ್ತು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ್ದು 25ರ ಹರೆಯದಲ್ಲಿ ಆತ ತೀರಿಕೊಂಡ. ಕಾರುಗಳು ಓಡುತ್ತಿರುವಾಗ ಭಾರಿ ಯಂತ್ರವನ್ನು ಅಲ್ಲಿಗೆ ಬಿಡಬಾರದೆಂದು ತಿಳಿಯಲು 20 ವರ್ಷ ಸಾಲದಾಯಿತೆ?

ಇಷ್ಟಕ್ಕೇ ಮುಗಿಯಲಿಲ್ಲ. 2022ರಲ್ಲಿ, ಅದೇ ಸುಜುಕಾದಲ್ಲಿ, ಮತ್ತೆ ಮಳೆಯಲ್ಲಿ ಪಿಯೆರ್ ಗ್ಯಾಸ್ಲಿ ಎಂಬ ಚಾಲಕ, ನೀರಿನ ತುಂತುರಿನಲ್ಲಿ ಮುಂದಿನದು ಕಾಣದಿರುವಾಗ, ಹಾದಿಯ ಮೇಲೆಯೇ ಇದ್ದ ಅಂಥದೊಂದು ಯಂತ್ರದ ಪಕ್ಕದಲ್ಲಿ ರಭಸದಿಂದ ಹಾದುಹೋದ. ಬಿಯಾಂಕಿ ಆತನ ಸ್ನೇಹಿತನಾಗಿದ್ದ. ಗ್ಯಾಸ್ಲಿ ಸಿಟ್ಟಿನಿಂದ ಕೂಗಾಡಿದ್ದರಲ್ಲಿ ಆಶ್ಚರ್ಯವೇನಿದೆ? ವಿಚಾರಣೆ ನಡೆಯಿತು.

ಮೊಮ್ಮಗ ಆ ದೃಶ್ಯವನ್ನು ನನಗೆ ಎರಡು ಸಲ ತೋರಿಸಿದ. “ಇದಂತೂ ಅದೃಷ್ಟವೇ ತಾನೆ, ತಾತ?” ಎಂದು ಕೇಳಿದ. ಈ ಸಲ ಅಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.