ಆಸ್ಪತ್ರೆಯ ಹೊಸ್ತಿಲಾಚೆಗೂ ಮಾದರಿ ಬೇಕು

ಔಷಧಕ್ಕೆ ಮಣಿಯದ ರೋಗಾಣುಗಳ ಬಗೆಗೆ ನಮ್ಮಲ್ಲಿ ಅಂಕಿಅಂಶಗಳಿಗೆ ಬರವಿಲ್ಲ. ಅವು ಯಾರಿಂದ ಪಡೆದ ಅಂಕಿಅಂಶಗಳು ಎಂದು ಕೇಳುವವರಿಗೆ ಮಾತ್ರ ಬರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2013ರಲ್ಲಿ ಆರಂಭಿಸಿದ ಕಣ್ಗಾವಲು ಜಾಲವು ಮುಖ್ಯವಾಗಿ ದೊಡ್ಡ ಆಸ್ಪತ್ರೆಗಳನ್ನೇ ಆಧರಿಸಿದೆ. ಅಲ್ಲಿಗೆ ಬರುವವರಲ್ಲಿ ಅನೇಕರು ಈಗಾಗಲೇ ನಾಲ್ಕು ಕಡೆ ಮದ್ದು ಮಾಡಿಸಿ ಗುಣ ಕಾಣದವರು. ಅವರ ರಕ್ತ, ಮೂತ್ರ, ಕೀವಿನ ಪರೀಕ್ಷೆಯಿಂದ ಆಸ್ಪತ್ರೆಯ ಸ್ಥಿತಿ ತಿಳಿದೀತು; ಊರಿನ ಸ್ಥಿತಿ ತಿಳಿಯದು. ಘಟ್ಟದ ಹಳ್ಳಿಯಲ್ಲಿ ಜ್ವರ ಬಂದಾಗ ಔಷಧದಂಗಡಿಯ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವ ಕೂಲಿಕಾರನು ಯಾವ ಪಟ್ಟಿಯಲ್ಲಿಯೂ ಇಲ್ಲ.

ಪ್ರಾಣಿಗಳ ವಿಷಯದಲ್ಲಿ ಅಪಾಯ ಇನ್ನೊಂದು ಬಗೆಯದು. ಒಂದೇ ಶೆಡ್ಡಿನ ನೂರು ಬ್ರಾಯ್ಲರ್ ಕೋಳಿಗಳನ್ನು ಪರೀಕ್ಷಿಸಿದರೆ ಅದು ನೂರು ಮಾದರಿಗಳ ತೂಕ ಪಡೆಯುವುದಿಲ್ಲ. ಒಂದೇ ನೀರು, ಒಂದೇ ಆಹಾರ, ಒಂದೇ ಔಷಧ ಉಂಡ ಹಕ್ಕಿಗಳ ಕರುಳಿನ ಕಥೆಯೂ ಬಹುಮಟ್ಟಿಗೆ ಒಂದೇ. ಹೆಚ್ಚು ಫಾರಂಗಳು, ಪ್ರತಿ ಫಾರಂನಿಂದ ಕಡಿಮೆ ಮಾದರಿ ಎಂಬುದೇ ಸರಿಯಾದ ಕ್ರಮ. ರೋಗಗ್ರಸ್ತ ಪ್ರಾಣಿಗಳಷ್ಟೇ ಸಾಲದು, ಆರೋಗ್ಯವಂತ ಪ್ರಾಣಿಗಳನ್ನೂ ನೋಡಬೇಕೆಂಬುದನ್ನು ಡೆನ್ಮಾರ್ಕ್ 1995ರಿಂದಲೇ ಆಚರಣೆಗೆ ತಂದಿದೆ.

ಸಂಖ್ಯೆಯಲ್ಲಿಯೂ ಎಚ್ಚರ ಬೇಕು. ಸರಿಯಾಗಿ ಆಯ್ದ 100 ಮಾದರಿಗಳಲ್ಲಿ ನಿರೋಧಕ ರೋಗಾಣು ಒಂದೂ ಸಿಗದಿದ್ದರೂ, ಅದರ ನಿಜವಾದ ಪ್ರಮಾಣ ಶೇ. 3ರಷ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಶೇ. 1ರಷ್ಟಿರುವುದನ್ನು ಶೇ. 95ರ ಭರವಸೆಯಿಂದ ಪತ್ತೆಹಚ್ಚಲು ಸುಮಾರು 300 ಮಾದರಿಗಳು ಬೇಕು. ಹತ್ತಿಪ್ಪತ್ತು ಮಾದರಿ ನೋಡಿ ‘ಇಲ್ಲಿ ಸಮಸ್ಯೆಯಿಲ್ಲ’ ಎನ್ನುವುದು ವಿಜ್ಞಾನವಲ್ಲ, ಸಮಾಧಾನದ ಮಾತು.

ಇದಕ್ಕೆಲ್ಲ ಹಣವೆಲ್ಲಿ ಎಂಬ ಆಕ್ಷೇಪ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ‘ಟ್ರೈಸೈಕಲ್’ ವಿಧಾನವೇ ಇದಕ್ಕೆ ಉತ್ತರ. ಔಷಧವನ್ನು ನಿಷ್ಫಲಗೊಳಿಸುವ ಒಂದೇ ಬಗೆಯ ಇ. ಕೋಲಿಯನ್ನು ಜನರಲ್ಲಿ, ಆಹಾರ ಸರಪಳಿಯಲ್ಲಿ, ಪರಿಸರದಲ್ಲಿ ಏಕಕಾಲಕ್ಕೆ ಹುಡುಕುವ ಕ್ರಮವಿದು. ಹತ್ತಾರು ರೋಗಾಣುಗಳ ಬೆನ್ನು ಹತ್ತಬೇಕಿಲ್ಲ.

ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ಸರ್ಕಾರ 2019ರಲ್ಲಿ ನಿಷೇಧಿಸಿತು. ಬೆಳೆಗಳಿಗೆ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಸಿಂಪಡಿಸುವುದನ್ನು ನಿಷೇಧಿಸಲೂ ಅದು ಕ್ರಮ ಕೈಗೊಂಡಿತು. ಸ್ವಾಗತಾರ್ಹವೇ. ಆದರೆ ಆ ಆಜ್ಞೆಗಳು ಫಲ ಕೊಟ್ಟವೇ ಎಂಬುದನ್ನು ಆಸ್ಪತ್ರೆಯ ರಕ್ತಪರೀಕ್ಷೆ ಹೇಳಲಾರದು. ಕೋಳಿಫಾರಂ, ಕೊಟ್ಟಿಗೆ, ತೋಟದ ಮಣ್ಣು, ಹಳ್ಳದ ನೀರು ಹೇಳಬೇಕು. ನೀರನ್ನಂತೂ ಮಳೆಗಾಲ, ಬೇಸಿಗೆ ಎರಡರಲ್ಲಿಯೂ ಪರೀಕ್ಷಿಸಬೇಕು.

ಪ್ರತಿ ತಾಲ್ಲೂಕಿನಲ್ಲಿಯೂ ಇಂತಹ ಮಾದರಿ ಸಂಗ್ರಹ ನಡೆಯಲಿ. ಫಲಿತಾಂಶ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ. ಅಳೆಯದೆ ಬಿಟ್ಟ ಊರನ್ನು ಆರೋಗ್ಯವಂತ ಊರೆಂದು ಬರೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ.