ಸಂಚಕಾರಕ್ಕೆ ಮೊದಲೇ ವಾಸ್ತುಶಿಲ್ಪಿ

ಹಳೆಯ ಮನೆಯನ್ನು ಕೊಂಡು, ದುರಸ್ತಿಗೊಳಿಸಿ ಬಾಡಿಗೆಗೆ ಕೊಡುವುದು ಬೆಳಗಾವಿಯ ವ್ಯಾಪಾರಸ್ಥರಿಗೆ ಹೊಸದಲ್ಲ. ನಗರದ ದರಗಳು ಏರಿದಂತೆ ಅವರ ದೃಷ್ಟಿ ಖಾನಾಪುರದತ್ತ, ಪಾರಿಶ್ವಾಡದಂತಹ ಊರುಗಳತ್ತ ಹೊರಳುವುದೂ ಸಹಜ. ಇಂತಹ ವ್ಯವಹಾರದಲ್ಲಿ ಖರೀದಿದಾರನು ಮೊದಲು ದಲಾಲನನ್ನು, ಬಳಿಕ ವಕೀಲರನ್ನು, ಕೊನೆಗೆ ಗೌಂಡಿಯನ್ನು ಕಾಣುತ್ತಾನೆ. ವಾಸ್ತುಶಿಲ್ಪಿಯ ನೆನಪಾಗುವುದು ಗೋಡೆ ಒಡೆದು ತೊಲೆ ಬಾಗಿದ ಮೇಲೆ.

ಎಲ್ಲ ದುರಸ್ತಿಗೂ ವಾಸ್ತುಶಿಲ್ಪಿ ಬೇಕೆಂದಲ್ಲ. ಸುಣ್ಣ ಬಣ್ಣ, ನೆಲಹಾಸು, ನಳ ಮತ್ತು ವಿದ್ಯುತ್ ತಂತಿಗಳ ಬದಲಾವಣೆಗೆ ನಂಬಿಕಸ್ಥ ಕೆಲಸಗಾರರು ಸಾಕು. ಆದರೆ ಭಾರ ಹೊರುವ ಗೋಡೆಯನ್ನು ತೆಗೆಯುವುದು, ಮೇಲೊಂದು ಅಂತಸ್ತು ಏರಿಸುವುದು, ವಾಸದ ಮನೆಯನ್ನು ಅಂಗಡಿಯಾಗಿ ಮಾರ್ಪಡಿಸುವುದು ಇವುಗಳಲ್ಲಿ ಯಾವುದಿದ್ದರೂ ಸಂಚಕಾರ ಕೊಡುವ ಮೊದಲೇ ಅವರನ್ನು ಸ್ಥಳಕ್ಕೆ ಕರೆದೊಯ್ಯಬೇಕು.

ಈ ಭಾಗದ ಹಳೆಯ ಮನೆಗಳ ರಚನೆಯೇ ಇದಕ್ಕೆ ಕಾರಣ. ದಪ್ಪ ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ, ಮೇಲೆ ಹಂಚು. ಗೋಡೆಯನ್ನು ಮಳೆಯಿಂದ ಕಾಯುವುದು ಹೊರಚಾಚಿದ ಸೂರು. ಅಂಗಡಿಯ ಮುಂಭಾಗ ಚೆಂದ ಕಾಣಲೆಂದು ಸೂರನ್ನು ಕತ್ತರಿಸಿದರೆ ಖಾನಾಪುರದ ಮಳೆಗೆ ಗೋಡೆಯ ಬುಡ ನೆನೆಯುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ಒಳಗಿನ ತೇವ ಸುಲಭವಾಗಿ ಹೊರಹೋಗದು. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆ ಒಳಗೆ ಸಡಿಲವಾಗುತ್ತದೆ. ಪೇಟೆಯ ಗಲ್ಲಿಗಳಲ್ಲಿಯಾದರೋ ಎರಡು ಮನೆಗಳಿಗೆ ಒಂದೇ ಗೋಡೆ ಇರುವುದುಂಟು. ಅದನ್ನು ಮುಟ್ಟಿದರೆ ದುರಸ್ತಿಯ ಲೆಕ್ಕಕ್ಕೆ ನೆರೆಯವರೊಡನೆ ವ್ಯಾಜ್ಯವೂ ಸೇರುತ್ತದೆ. ಇಂತಹ ಗೋಡೆ ಕಂಡಲ್ಲಿ ರಚನಾ ಎಂಜಿನಿಯರರ ಅಭಿಪ್ರಾಯವೂ ಬೇಕೆಂದು ಒಳ್ಳೆಯ ವಾಸ್ತುಶಿಲ್ಪಿಯೇ ಹೇಳುತ್ತಾರೆ.

ಶುಲ್ಕ ದುಬಾರಿ ಎಂಬ ಆಕ್ಷೇಪವನ್ನು ಅಂಕಿಗಳಲ್ಲಿ ನೋಡಬಹುದು. ಖರೀದಿಗೆ 30 ಲಕ್ಷ, ಕಾಮಗಾರಿಗೆ 12 ಲಕ್ಷ ರೂಪಾಯಿ ಎಂದು ಭಾವಿಸೋಣ. ಶುಲ್ಕ ಕಾಮಗಾರಿಯ ಶೇ. 5 ಎಂದಾದರೆ 60,000, ಶೇ. 18 ಜಿಎಸ್‌ಟಿ ಸೇರಿ 70,800 ರೂಪಾಯಿ. ಬಂಡವಾಳ ವೆಚ್ಚವಾಗಿ ತೋರಿಸುವ ಇಂತಹ ಕಾಮಗಾರಿಯ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯದಾದ್ದರಿಂದ ತೆರಿಗೆಯನ್ನೂ ವೆಚ್ಚವೆಂದೇ ಎಣಿಸಬೇಕು. ಇತ್ತ 42 ಲಕ್ಷಕ್ಕೆ ವಾರ್ಷಿಕ ಶೇ. 10ರಂತೆ ಒಂದು ತಿಂಗಳ ಬಡ್ಡಿ 35,000 ರೂಪಾಯಿ. ಒಡೆದ ಗೋಡೆಯನ್ನು ಮತ್ತೆ ಕಟ್ಟಲು ಎರಡು ತಿಂಗಳು ಹೋದರೆ ಉಳಿಸಿದ ಶುಲ್ಕ ಹೆಚ್ಚುಕಡಿಮೆ ಬಡ್ಡಿಗೇ ಸಂದಾಯ. ಬಾರದ ಬಾಡಿಗೆ ಬೇರೆ.

ಲೆಕ್ಕಪತ್ರದ ದೃಷ್ಟಿಯಿಂದ ಇನ್ನೊಂದು ಮಾತು. ಮನೆ ಬಾಡಿಗೆಯ ಆದಾಯದಲ್ಲಿ ಶೇ. 30ರ ನಿಗದಿತ ಕಡಿತ ದೊರೆಯುತ್ತದೆ. ದುರಸ್ತಿಯ ಬಿಲ್ಲುಗಳಿಗೆ ಪ್ರತ್ಯೇಕ ಕಡಿತವಿಲ್ಲ. ಅವು ಉಪಯೋಗಕ್ಕೆ ಬರುವುದು ಮಾರಾಟದ ಕಾಲಕ್ಕೆ, ಸುಧಾರಣೆಯ ವೆಚ್ಚವನ್ನು ಸಿದ್ಧಪಡಿಸುವಾಗ. ಹತ್ತು ವರ್ಷಗಳ ನಂತರ ಗೌಂಡಿಯ ಚೀಟಿಯನ್ನು ಯಾರು ನಂಬುತ್ತಾರೆ? ಅಳತೆಯ ನಕ್ಷೆ, ಕಾಮಗಾರಿಯ ಅಂದಾಜು ಪಟ್ಟಿ, ಬ್ಯಾಂಕಿನ ಮೂಲಕ ಸಂದಾಯವಾದ ಬಿಲ್ಲು ಜೊತೆಗಿದ್ದರೆ ವಾದ ಗಟ್ಟಿ.

ವಾಸ್ತು ಪಂಡಿತರು ವಾಸ್ತುಶಿಲ್ಪಿಗಳಲ್ಲ. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಅವರು ಹೇಳಬಹುದು, ಮೇಲಿನ ಭಾರವನ್ನು ಯಾವ ಗೋಡೆ ಹೊತ್ತಿದೆ ಎಂದಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಕೇಳಿಕೊಳ್ಳಬೇಕು. ಆರಂಭದಲ್ಲಿಯೇ ಪೂರ್ಣ ಕಾಮಗಾರಿಯ ಒಪ್ಪಂದ ಅನವಶ್ಯಕ. ಒಂದು ಭೇಟಿಗೆ ಶುಲ್ಕ ಗೊತ್ತುಮಾಡಿ, ದೋಷಗಳ ಲಿಖಿತ ಟಿಪ್ಪಣಿ ಪಡೆಯುವುದು ಸಾಕು. ಆ ಟಿಪ್ಪಣಿಯನ್ನು ಮಾರುವವನ ಮುಂದಿಟ್ಟು ಬೆಲೆ ಇಳಿಸಲು ಕೇಳಬಹುದು. ಸಂಚಕಾರ ಪತ್ರಕ್ಕೆ ಸಹಿ ಬಿದ್ದ ಮೇಲೆ ಆ ಮಾತಿಗೆ ಎಡೆಯಿರದು.