ಬರಿಗಾಲಿನ ಹೊಗಳಿಕೆ ಸಾಕು



ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದದ್ದನ್ನ ಎಲ್ಲಾರೂ ಹೇಳ್ತಾರ. 2 ಗಂಟೆ 15 ನಿಮಿಷ. 1964ರಲ್ಲಿ ಟೋಕಿಯೊದಾಗ ಅದೇ ಮನುಷ್ಯ ಬೂಟು ಹಾಕ್ಕೊಂಡು 2 ಗಂಟೆ 12 ನಿಮಿಷಕ್ಕ ಮುಗಿಸಿದ. ಇದನ್ನ ಯಾರೂ ಹೇಳಂಗಿಲ್ಲ. ಆತನಿಗೆ ಚಕ್ರವರ್ತಿಯ ಅಂಗರಕ್ಷಕ ಪಡೆಯ ನೌಕರಿ ಇತ್ತು, ಸ್ವೀಡನ್ನಿನ ತರಬೇತುದಾರ ಇದ್ದ. ಬಡತನ ಓಡಿಸಲಿಲ್ಲ, ಆಸರೆ ಓಡಿಸಿತು.

ಈಗ ನಮ್ಮ ಕಡೆ ನೋಡ್ರಿ. ಶಿರಗುಪ್ಪಿಯಿಂದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಏನು ದೂರ? ಅಲ್ಲಿಯ ಸಿದ್ದಿಗಳದು ಆಫ್ರಿಕಾದ ರಕ್ತ, ಪದಕ ತರ್ತಾರ ಅಂತ 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಮಕ್ಕಳನ್ನ ಆರಿಸಿ ಒಯ್ದಿತು. ಕಮಲಾ ಸಿದ್ದಿ ದೇಶಕ್ಕಾಗಿ ಓಡಿದರು. ಕೆಲವೇ ವರ್ಷಕ್ಕ ಯೋಜನೆ ಬಂದ್! ಎಷ್ಟೋ ಮಂದಿ ಮತ್ತ ಕೂಲಿಗೆ.

ಉತ್ತರ ಕನ್ನಡದ ಸಿದ್ದಿಗಳು ಎಸ್‌ಟಿ ಪಟ್ಟಿಗೆ ಸೇರಿದ್ದು 2003ರಲ್ಲಿ. ನಮ್ಮ ಧಾರವಾಡ ಜಿಲ್ಲೆಯವರು 2020ರಲ್ಲಿ. ಅಂದ್ರ ಪದಕ ಕೇಳುವಾಗ ರಕ್ತ ಕಂಡಿತು, ಹಕ್ಕು ಕೇಳಿದಾಗ ಕಣ್ಣು ಮುಚ್ಚಿತು.

ಹುಟ್ಟು ನೋಡಿ ಟ್ರ್ಯಾಕಿಗೆ ಇಳಿಸೋದು, ಹುಟ್ಟು ನೋಡಿ ಗಟಾರಕ್ಕ ಇಳಿಸೋದು, ಎರಡೂ ಒಂದ ಬುದ್ಧಿ. ನಮ್ಮ ಮಕ್ಕಳ ಬರಿಗಾಲು ಹೊಗಳಬ್ಯಾಡ್ರಿ. ಹಾಸ್ಟೆಲ್, ಊಟ, ಕೋಚ್, ಓಟ ಮುಗಿದ ಮ್ಯಾಲೆ ನೌಕರಿ, ಇಷ್ಟು ಕೊಡ್ರಿ. ಓಡೋದು ಅವರಿಗೆ ಗೊತ್ತೈತಿ.